ಬಾಗಿಲೊಡತಿ

ಲುಸಾಲಾನ ಬೆರಳಿನ ಬಗ್ಗೆ ಯಾರದೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಅವನ ಗಿಟಾರಿನ ದನಿಯ ಬಗ್ಗೆ.

"ಬೆರಳೇನೋ ಓಡ್ತಾವಪ್ಪ, ಆದ್ರೆ ದನಿ ಗಂಟಲಲ್ಲಿ ಫುಫು ಮುದ್ದೆ ಸಿಕ್ಕೊಂಡಂಗಿದೆ," ಎಂದಿದ್ದರು ವಾದ್ಯಮೇಳದ ಯಜಮಾನ ಬೊಕೆಲೊ. "ಸಂಜೆ ಒಳಗೆ ಒಳ್ಳೆ ದನಿ ತಗೊಂಡು ಬಾ, ಎರಡನೇ ಗಿಟಾರಿನ ಜಾಗ ನಿಂದೇ."

ಕಿನ್ಶಾಸಾದಲ್ಲಿ ಆ ಜಾಗಕ್ಕೆ ಕಾದು ಕಾದು ಲುಸಾಲಾನ ಮದುವೆಯ ವಯಸ್ಸೇ ದಾಟುತ್ತಿತ್ತು. ವಠಾರಕ್ಕೆ ಬಂದವನೇ ಅಂಗಳದಲ್ಲಿ ಗಿಟಾರ್ ಬಿಚ್ಚಿ ಕೂತ. ಬಿಚ್ಚಿದ್ದೇ ತಪ್ಪಾಯಿತು. ಆ ವಠಾರದಲ್ಲಿ ಯಾರಾದರೂ ಏನಾದರೂ ಬಿಚ್ಚಿದರೆ ಉಳಿದವರಿಗೆ ಸುಮ್ಮನೆ ಕೂರಲು ಬರುವುದಿಲ್ಲ.

ಬಡಗಿ ಮಟೊಂಡೊ ಗಿಟಾರಿನ ಒಡಲನ್ನು ತಟ್ಟಿ ನೋಡಿದ. "ಹಸಿ ಮರ ಕಣೋ. ತಂತಿಯ ನಡುಕಾನೆಲ್ಲ ಇದೇ ನುಂಗ್ತಿದೆ. ಒಣಗಿದ ಗಟ್ಟಿ ಮರ ಹಾಕು, ದನಿ ನಿಲ್ಲುತ್ತೆ."

"ಮರಕ್ಕೂ ಕರೆಂಟ್ ಗಿಟಾರಿಗೂ ಏನಯ್ಯ ಸಂಬಂಧ?" ಎಂದು ರೇಡಿಯೊ ರಿಪೇರಿಯ ಎಬೆಂಗೊ ಎಗರಿದ. "ತಂತಿ ಕೆಳಗಿನ ಅಯಸ್ಕಾಂತಕ್ಕೆ ಸುತ್ತಿರೋ ತಾಮ್ರ ನೋಡು, ಅತಿಯಾಗಿದೆ. ಅದಕ್ಕೇ ಮಂಕು. ಅರ್ಧ ಬಿಚ್ಚು. ಆ ಅಯಸ್ಕಾಂತಾನ ಕುತ್ತಿಗೆ ಹತ್ರದಿಂದ ಬುಡದ ಕಡೆ ಸರಿಸು, ದನಿ ಹರಿತ ಆಗುತ್ತೆ."

"ನೀನು ರಿಪೇರಿ ಮಾಡಿದ ರೇಡಿಯೊ ವಾರ್ತೆ ಓದಲ್ಲ, ಕೆಮ್ಮುತ್ತೆ!"

"ನೀನು ಮಾಡಿದ ಕುರ್ಚಿ ಮೇಲೆ ಕೂತೋರು ಎದ್ದಿದ್ದು ಆಸ್ಪತ್ರೇಲಿ!"

ಇಬ್ಬರ ಮಾತನ್ನೂ ಕೇಳಿಬಿಡೋಣವೆಂದು ಲುಸಾಲಾ ತೀರ್ಮಾನಿಸಿದ. ತಾಮ್ರ ಬಿಚ್ಚುವುದು ಸುಲಭ. ಒಣ ಮರ ಎಲ್ಲಿಂದ ತರುವುದು? ಮಟೊಂಡೊನ ಕಣ್ಣು ಲುಸಾಲಾನ ಕೋಣೆಯ ಬಾಗಿಲಿನ ಮೇಲೆ ನಿಂತಿತು. ಹಳೇ ಕಾಲದ ಗಟ್ಟಿ ಮರ, ವರ್ಷಗಟ್ಟಲೆ ಬಿಸಿಲು ಕುಡಿದದ್ದು.

"ಅಯ್ಯೋ, ಅದು ಬೊಲುಂಬಮ್ಮಂದು!" ಲುಸಾಲಾ ಬಾಗಿಲಿಗೆ ಅಡ್ಡ ನಿಂತ. ಮನೆಯೊಡತಿ ಬೊಲುಂಬಮ್ಮ, ಗೋಡೆಗೆ ಮೊಳೆ ಹೊಡೆದರೆ ತನ್ನ ತಲೆಗೇ ಹೊಡೆದಂತೆ ಕೂಗುವ ಹೆಂಗಸು.

"ಆಯಮ್ಮ ಪ್ರಾರ್ಥನೆಗೆ ಹೋದ್ರೆ ಕತ್ತಲಾಗೋ ತನಕ ಬರಲ್ಲ. ನಾಳೆ ಹೊಸ ಬಾಗಿಲು ನಾನೇ ಮಾಡ್ಕೊಡ್ತೀನಿ ಬಿಡು."

ಬಾಗಿಲು ಗರಗಸಕ್ಕೆ ಬಲಿಯಾಯಿತು. ಹಳೆಯ ಕುತ್ತಿಗೆ, ತಂತಿಗಳು, ಅರ್ಧ ತಾಮ್ರ ಬಿಚ್ಚಿದ ಅಯಸ್ಕಾಂತ ಹೊಸ ಒಡಲಿಗೆ ಕೂಡಿದವು. ಹೊಟ್ಟೆಯ ನಡುವೆ ಬೀಗದ ಕೈ ತೂತು ಹಾಗೇ ಉಳಿಯಿತು. ಎಬೆಂಗೊನ ರೇಡಿಯೊಗೆ ಸಿಕ್ಕಿಸಿ ಮೀಟಿದಾಗ, ಹೊಸ ಪಾತ್ರೆಯ ಅಂಚಿಗೆ ಚಮಚ ತಗುಲಿದಂತೆ ಟಣ್ಣೆಂದ ದನಿ ಅಂಗಳ ದಾಟಿ ಬೀದಿಗೆ ಹೋಯಿತು. ಲುಸಾಲಾನ ಕಣ್ಣು ತುಂಬಿ ಬಂತು.

ಸಂಜೆ ಮೇಳದ ಅಭ್ಯಾಸದ ಕೋಣೆಯಲ್ಲಿ ಲುಸಾಲಾ ಅದನ್ನು ನುಡಿಸಿದ. ಯಜಮಾನರು ಕಣ್ಣು ಮುಚ್ಚಿ ತಲೆದೂಗುತ್ತಿದ್ದಾಗಲೇ ಅಲ್ಲಿಗೆ ಬೊಲುಂಬಮ್ಮ ನುಗ್ಗಿದರು. ಅಂದು ಪ್ರಾರ್ಥನೆ ಬೇಗ ಮುಗಿದಿತ್ತು. ಹಿಂದೆ ಮಟೊಂಡೊ, ಎಬೆಂಗೊ.

"ನನ್ ಬಾಗಿಲು! ಬೀಗದ ತೂತು ನೋಡಿ ಬೇಕಾದ್ರೆ!"

ಯಜಮಾನರು ಹಾಡುಗಾರನಿಗೆ ಕಣ್ಸನ್ನೆ ಮಾಡಿದರು. ಕುಣಿತದ ಭರದಲ್ಲಿ ದೊಡ್ಡವರ ಹೆಸರು ಕೂಗಿ ಮೆರೆಸುವುದು ನಮ್ಮ ಹಾಡುಗಾರರ ವಾಡಿಕೆ. ಅವನು ಮೈಕು ಹಿಡಿದು ಕೂಗಿದ: "ಬಾಗಿಲೊಡತೀ ಬೊಲುಂಬೂ! ಬಾಗಿಲೊಡತೀ ಬೊಲುಂಬೂ!"

ಹೊಡೆಯಲು ಎತ್ತಿದ್ದ ಕೈಯನ್ನು ಬೊಲುಂಬಮ್ಮ ಸೊಂಟಕ್ಕಿಟ್ಟು ಕುಣಿಯತೊಡಗಿದರು. ಹೆಸರಿನ ಮುಂದೆ ಬಾಗಿಲು ಯಾವ ಲೆಕ್ಕ?

ಹಾಡು ನಿಂತ ಮೇಲೆ ಯಜಮಾನರು ಕೇಳಿದರು: "ಈ ದನಿ ಯಾರದು?"

"ಮರ ಗುರುತಿಸಿದ್ದು ನಾನು," ಎಂದ ಮಟೊಂಡೊ.

"ತಾಮ್ರ ಬಿಚ್ಚಿಸಿದ್ದು ನಾನು," ಎಂದ ಎಬೆಂಗೊ.

"ಬಾಗಿಲು ನಂದು, ಅಂದ್ಮೇಲೆ ಗಿಟಾರೂ ನಂದೇ," ಎಂದರು ಬೊಲುಂಬಮ್ಮ. "ಮೇಳಕ್ಕೆ ಕೊಡ್ತೀನಿ. ಪ್ರತಿ ಹಾಡಲ್ಲೂ ನನ್ನ ಹೆಸರು ಕೂಗ್ಬೇಕು."

ಯಜಮಾನರು ಒಪ್ಪಿದರು. ಮಟೊಂಡೊನಿಗೆ ಮೇಳದ ಗಿಟಾರು ಮಾಡುವ ಕೆಲಸ, ಎಬೆಂಗೊನಿಗೆ ಧ್ವನಿವರ್ಧಕ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕೊನೆಗೆ ಅವರು ಲುಸಾಲಾನತ್ತ ತಿರುಗಿದರು.

"ಇದರಲ್ಲಿ ನಿಂದೇನಪ್ಪ?"

"ಬೆರಳು, ಯಜಮಾನ್ರೇ."

"ಬೆರಳಾ? ಅವು ನನ್ನ ಭಾಮೈದಂಗೂ ಹತ್ತಿವೆ."

ಎರಡನೇ ಗಿಟಾರಿನ ಜಾಗ ಭಾಮೈದನ ಪಾಲಾಯಿತು. ಶನಿವಾರ ಸಂಜೆ ಮೇಳದ ಹಾಡು ಕೇಳಲು ವಠಾರವೇ ಸಿಂಗರಿಸಿಕೊಂಡು ಹೊರಟಿತು. "ಮುಖ ಊದಿಸ್ಕೋಬೇಡ, ನೀನೂ ಬಾರೋ," ಎಂದು ಬೊಲುಂಬಮ್ಮ ಪ್ರೀತಿಯಿಂದಲೇ ಕರೆದರು.

"ಹೆಂಗ್ ಬರ್ಲಮ್ಮ? ಕೋಣೆಗೆ ಬಾಗಿಲಿಲ್ಲ."

ಮಟೊಂಡೊನಿಗೆ ಈಗ ಗಿಟಾರು ಮಾಡುವುದರಲ್ಲೇ ಪುರುಸೊತ್ತಿಲ್ಲ. ಪಾಪ, ಲುಸಾಲಾ ಹೊಸ್ತಿಲ ಮೇಲೆ ಕಾವಲು ಕೂತ. ದೂರದಲ್ಲಿ ಅವನ ಬಾಗಿಲು ಹಾಡುತ್ತಿತ್ತು. ದನಿ ಮಾತ್ರ ನಿಜಕ್ಕೂ ಚೆನ್ನಾಗಿತ್ತು.