ಕಂಕುಳಲ್ಲಿದ್ದ ಡಬ್ಬಿ

ಡಬ್ಬಿ ಬೆಚ್ಚಗಿರಬೇಕು, ಒಂದು ಗಂಟೆಯೊಳಗೆ ಜೆ.ಪಿ. ನಗರದ ಕ್ಲಿನಿಕ್ ತಲುಪಬೇಕು ಎಂದು ಡಾಕ್ಟರ್ ಲಿಖಿತಾ ಹೇಳಿದ್ದರು. ಹಾಗಾಗಿ ಮುತ್ತುರಾಜ ತನ್ನ ವೀರ್ಯದ ಸ್ಯಾಂಪಲ್ಲನ್ನು ಎಡಗಂಕುಳಲ್ಲಿ ಒತ್ತಿಕೊಂಡು, ಕಾವಿಗೆ ಕೂತ ಕೋಳಿ ಎದ್ದು ನಡೆದಂತೆ, ಜರಗನಹಳ್ಳಿಯ ಬಾಡಿಗೆ ಮನೆಯಿಂದ ಹೊರಟ. ಮದುವೆಯಾಗಿ ಆರು ವರ್ಷ. ಮೊದಲ ಪರೀಕ್ಷೆಯ ವರದಿ ಚೆನ್ನಾಗಿ ಬಂದಿರಲಿಲ್ಲ. ಹೆಂಡತಿ ರಾಜಶ್ರೀ ಆ ಬಗ್ಗೆ ಕೇಳುವುದನ್ನೇ ಬಿಟ್ಟಿದ್ದಳು. ಅವಳು ಕೇಳದೇ ಇರುವುದೇ ಅವನಿಗೆ ಜೋರಾಗಿ ಕೇಳಿಸುತ್ತಿತ್ತು.

ಡಾಕ್ಟರ ಮಾತು ಮಾತ್ರ ಕನಸಿನಂತೆ ಜೊತೆಗಿತ್ತು. "ಒಂದು ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು. ಒಳಗೆ ಸಾವಿರಾರು ಜೀನ್‌ಗಳು, ಬೀದಿದೀಪದ ಹಾಗೆ. ಒಂದು ಹತ್ತುತ್ತೆ, ಇನ್ನೊಂದು ಆರುತ್ತೆ. ಕೊನೇಲಿ ಎಲ್ಲಾ ದೀಪ ಆರಿಸಿ, ಗಂಟುಮೂಟೆ ಕಟ್ಕೊಂಡು ಹೊರಟುಬಿಡುತ್ತೆ." ತನ್ನ ಕಂಕುಳಲ್ಲಿ ಒಂದು ಪುಟ್ಟ ಊರು ದೀಪ ಆರಿಸಿ, ಗಂಟು ಹೊತ್ತು, ಕತ್ತಲಲ್ಲಿ ಬಸ್ಸಿಗೆ ಕಾಯುತ್ತಿದೆ ಎನಿಸಿ ಅವನು ಹೆಜ್ಜೆಯನ್ನು ಇನ್ನಷ್ಟು ಮೆತ್ತಗೆ ಇಟ್ಟ.

"ಮುತ್ತೂ, ಈ ನೀರಿನ ಕ್ಯಾನ್ ಎತ್ತಿ ಒಳಗಿಡಪ್ಪಾ!"

ಗೇಟಿನ ಬಳಿ ಮನೆಯೊಡತಿ ಬೈರಮ್ಮ. ಮಕ್ಕಳಿಲ್ಲದ ಬಾಡಿಗೆದಾರನ ಮೇಲೆ ಅವರಿಗೆ ಮಗನೆಂಬ ಮಮತೆ. ವಾರಕ್ಕೆರಡು ಸಲ ಹಿತ್ತಲ ಹಂಡೆಯಲ್ಲಿ ನೀರು ಕಾಯಿಸಿ, ಅವನನ್ನು ಟಬ್ಬಿನಲ್ಲಿ ಕೂರಿಸುತ್ತಿದ್ದರು. "ಸೊಂಟಕ್ಕೆ ಶಾಖ ಬಿದ್ರೇನೇ ಮಕ್ಕಳಾಗೋದು ಕಣಪ್ಪ" ಎನ್ನುವುದು ಅವರ ಅತ್ತೆ ಕಲಿಸಿದ ವೈದ್ಯ.

ಮುತ್ತುರಾಜ ಬಲಗೈಯೊಂದರಲ್ಲೇ ಕ್ಯಾನ್ ಎಳೆದ. ಬೆವರು ಇಳಿಯಿತು.

"ಎಡಗೈಗೆ ಏನಾಯ್ತೋ?"

"ಏನಿಲ್ರಿ ಅಮ್ಮಾರ, ಆರಾಮ ಅದೀನ್ರಿ."

ಮಹಡಿ ಮನೆಯ ಅನಂತಪದ್ಮನಾಭ ಮೆಟ್ಟಿಲಿಳಿದು ಬಂದರು. ಹೃದಯಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅವರು ಬೀದಿಯ ಹೃದಯತಜ್ಞರಾಗಿದ್ದರು. "ಎಲ್ಲಿ, ಕೈ ಎತ್ತಿ ನೋಡೋಣ."

"ಎತ್ತಾಕ ಆಗಂಗಿಲ್ರಿ."

"ಬೆವರ್ತಾ ಇದೀರಲ್ಲ?"

"ಬಿಸಿಲಿಗ್ರಿ."

"ಎಲ್ರೀ ಬಿಸಿಲು? ಮೋಡ ಮುಚ್ಕೊಂಡಿದೆ! ಬೈರಮ್ಮಾ, ಇದು ಹಾರ್ಟೇ! ಆಟೋ ಕರೀರಿ!"

ಬೀದಿಗೆ ಬೀದಿಯೇ ಸೇರಿ ಅವನನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಸಾಗಿಸಿತು. ಇಸಿಜಿಗೆಂದು ನರ್ಸ್ ಶರ್ಟು ಬಿಚ್ಚಿದಾಗ ಡಬ್ಬಿ ಟಣ್ಣೆಂದು ನೆಲಕ್ಕೆ ಬಿತ್ತು. ಮುಚ್ಚಳ ಮಾತ್ರ ಬಿಚ್ಚಲಿಲ್ಲ.

"ಇದೇನೋ?" ಎಂದರು ಬೈರಮ್ಮ.

"ಔ... ಔಷಧ ಐತ್ರಿ."

"ಔಷಧಾನ ಕಂಕುಳಲ್ಲಿ ಇಟ್ಕೋತಾರೇನ್ರೀ? ಕೆಟ್ಟೋಗುತ್ತೆ!" ಎಂದು ಅನಂತಪದ್ಮನಾಭ ಡಬ್ಬಿಯನ್ನು ನರ್ಸಿನ ಕೈಗಿತ್ತು ಫ್ರಿಜ್ಜಿಗೆ ಸೇರಿಸಿದರು. ಎದೆಗೆ ವೈರು ಅಂಟಿಸಿಕೊಂಡು ಮಲಗಿದ್ದ ಮುತ್ತುರಾಜ ಕಣ್ಣು ಮುಚ್ಚಿದ. ಬಸ್ಸಿಗೆ ಕಾಯುತ್ತಿದ್ದ ಊರಿನ ಮೇಲೆ ಹಿಮ ಬೀಳತೊಡಗಿತು.

ಅಲ್ಲಿನ ಡಾಕ್ಟರು ಗ್ಯಾಸ್ ಎಂದರು. ಜನರ ಕಣ್ಣು ತಪ್ಪಿಸಿ, ಫ್ರಿಜ್ಜಿನಿಂದ ಡಬ್ಬಿ ಇಸಿದುಕೊಂಡು ಅವನು ಕ್ಲಿನಿಕ್ಕಿಗೆ ಓಡಿದ. ಡಬ್ಬಿ ಮುಟ್ಟಿದ ಲಿಖಿತಾ ಕೈ ಹಿಂದೆಗೆದುಕೊಂಡರು. "ಏನ್ರೀ ಇದು, ಐಸ್‌ಕ್ಯಾಂಡಿ ಆಗಿದೆ! ಇದು ಪ್ರಯೋಜನ ಇಲ್ಲ. ಇರ್ಲಿ, ಒಂದು ಕೇಳೋದು ಮರೆತಿದ್ದೆ. ಬಿಸಿನೀರಲ್ಲಿ ಕೂರೋ ಅಭ್ಯಾಸ ಏನಾದ್ರೂ ಇದೆಯಾ?"

ಮುತ್ತುರಾಜ ಹಂಡೆಯ ಕತೆ ಹೇಳಿದ.

"ಅಯ್ಯೋ! ಜಾಸ್ತಿ ಶಾಖ ಬಿದ್ರೆ ದೀಪಗಳು ಹತ್ತೋ ಕ್ರಮಾನೇ ತಪ್ಪುತ್ತೆ. ಬಹುಶಃ ತೊಂದರೆ ಅಲ್ಲೇ ಇದೆ. ಮೂರು ತಿಂಗಳು ತಣ್ಣೀರು, ಆಮೇಲೆ ಬನ್ನಿ."

ಇಷ್ಟೇನಾ! ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವನು ಆ ಪುಟ್ಟ ಊರಿಗೆ ಮತ್ತೆ ದೀಪ ಹಚ್ಚುತ್ತ ಬಂದ. ರಾಜಶ್ರೀಗೆ ಇಂದೇ ಹೇಳಬೇಕು.

ಗೇಟು ತೆರೆದರೆ ಹಿತ್ತಲಿಂದ ಹೊಗೆ. ಹಂಡೆ ಕೊತಕೊತ ಕುದಿಯುತ್ತಿತ್ತು. ಅತ್ತು ಕಣ್ಣು ಊದಿಸಿಕೊಂಡ ರಾಜಶ್ರೀ ಟವೆಲ್ ಹಿಡಿದು ನಿಂತಿದ್ದಳು.

"ಬಾರಪ್ಪ," ಎಂದರು ಬೈರಮ್ಮ. "ನಿನ್ನ ಜೀವ ಉಳೀತಲ್ಲ, ಅಣ್ಣಮ್ಮ ತಾಯಿಗೆ ಹರಕೆ ಹೊತ್ತಿದೀನಿ. ಮೂರು ತಿಂಗಳು ದಿನಾ ನಾನೇ ನಿಂಗೆ ಬಿಸಿನೀರು ಕಾಯಿಸಿ ಕೂರಿಸ್ತೀನಿ."

"ಅಮ್ಮಾರ, ಡಾಕ್ಟ್ರು ತಣ್ಣೀರು..."

"ಗ್ಯಾಸಿಗೆ ತಣ್ಣೀರಾ? ಯಾವ ಡಾಕ್ಟ್ರೋ ಅವನು? ಯಾತಕ್ಕೆ ಅಂದ?"

ಮುತ್ತುರಾಜ ಬಾಯಿ ತೆರೆದ. ಕಾಂಪೌಂಡಿನ ಮೇಲೆ ಬೀದಿಯ ತಲೆಗಳೆಲ್ಲ ಸಾಲಾಗಿ ಮೂಡಿದ್ದವು. ಅನಂತಪದ್ಮನಾಭ ಕಿವಿಯ ಯಂತ್ರ ಸರಿಮಾಡಿಕೊಂಡರು. ಮುತ್ತುರಾಜ ಬಾಯಿ ಮುಚ್ಚಿದ. ಹರಕೆಯ ನೀರಿಗೆ ರಾಜಶ್ರೀ ಆಗಲೇ ಕೈ ಮುಗಿದಿದ್ದಳು.

ಅವನು ಟಬ್ಬಿನಲ್ಲಿ ಕುಳಿತ. ಹಬೆ ಏರಿತು. ಹೊರಗೆ ಜರಗನಹಳ್ಳಿಯ ಬೀದಿದೀಪಗಳು ಒಂದೊಂದಾಗಿ ಹತ್ತಿಕೊಂಡವು. ಬೈರಮ್ಮ ಇನ್ನೊಂದು ಚೊಂಬು ಸುರಿದರು. ಒಳಗಿನವು ಒಂದೊಂದಾಗಿ ಆರುವುದನ್ನು ಮುತ್ತುರಾಜ ಕಣ್ಣು ಮುಚ್ಚಿ ನೋಡುತ್ತಿದ್ದ.