ಕಡಲೆ ಹೊಟ್ಟು ಹೊಕ್ಕ ಕ್ಯಾಮೆರಾ

ನಮ್ಮ ಸೋದರಮಾವನ ಎದುರು ಒಂದು ಸಲ ನಕ್ಕರೆ ನಡೆಯುವುದಿಲ್ಲ, ಎರಡು ಸಲ ನಗಬೇಕು! ಅದೂ ಅದೇ ನಗೆ, ಅದೇ ಅಳತೆಯದು. ಮೊದಲನೆಯದು ದೊಡ್ಡ ಕ್ಯಾಮೆರಾಕ್ಕೆ, ಎರಡನೆಯದು ಸಣ್ಣದಕ್ಕೆ. ಎರಡನೆಯ ನಗೆಯಲ್ಲಿ ಒಂದು ಹಲ್ಲು ಹೆಚ್ಚು ಕಂಡರೂ "ಹಂಗಲ್ರೀ, ಮೊದಲಿನಂಗ ನಗ್ರಿ, ಇಲ್ಲಂದ್ರ ಪರೀಕ್ಷಾ ಕೆಡತೈತಿ" ಎಂದು ಮೂರನೆಯ ಸಲ ನಗಿಸುತ್ತಾನೆ. ಮೂರನೆಯ ಸಲ ಯಾರಿಗೆ ತಾನೇ ನಗೆ ಬಂದೀತು? ನರಗುಂದದಿಂದ ಗಜೇಂದ್ರಗಡದವರೆಗೆ ನಮ್ಮ ಬೀಗರು ಬಿಜ್ಜರೆಲ್ಲ ಇವನಿಗಾಗಿ ಹಲ್ಲು ಕಿರಿದು ದವಡೆ ನೋಯಿಸಿಕೊಂಡವರೇ.

ಮಾವ ಬಸ್ ಕಂಡಕ್ಟರ್ ಆಗಿದ್ದವನು. ರೋಣ, ನರಗುಂದ, ಗಜೇಂದ್ರಗಡದ ರಸ್ತೆಗಳಲ್ಲಿ ಯಾವ ತಗ್ಗು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ. ನಿವೃತ್ತನಾದ ಮೇಲೆ ಹೆಗಲಿಗೆ ಚೀಲವಿಲ್ಲದೆ ಅವನಿಗೆ ನೆಟ್ಟಗೆ ನಡೆಯಲೇ ಬರಲಿಲ್ಲ, ಒಂದು ಕಡೆ ವಾಲುತ್ತಿದ್ದ. ಅಷ್ಟರಲ್ಲಿ ನರಗುಂದದ ಒಂದು ಸ್ಟುಡಿಯೋ ಮುಚ್ಚಿತು. ಅವರ ಹಳೆಯ ಡಿಎಸ್ಎಲ್ಆರ್ ಕ್ಯಾಮೆರಾ ಇವನ ಹೆಗಲೇರಿತು, ನಡಿಗೆ ನೆಟ್ಟಗಾಯಿತು. ಆರು ತಿಂಗಳಾದ ಮೇಲೆ ಅಪ್ಪನ ಕುತ್ತಿಗೆ ನೋಯುತ್ತದೆಂದು ಮಗಳು ಅಂಗಿಯ ಕಿಸೆಯಲ್ಲಿ ಹಿಡಿಯುವ ಪುಟ್ಟ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟಳು. ತಪ್ಪಾದದ್ದು ಅಲ್ಲಿಯೇ.

"ಒಂದ ಮನ್ಯಾಗ ಎರಡು ಯಾಕ? ಒಂದನ್ನ ಮಾರಿಬಿಡೂಣು. ಆದ್ರ ಯಾವುದನ್ನ? ಅದರ ನ್ಯಾಯ ಆಗಬೇಕು" ಎಂದ. ಆ ನ್ಯಾಯ ಶುರುವಾಗಿ ಒಂದೂವರೆ ವರ್ಷವಾಯಿತು. ಫೋನಿನಲ್ಲೇ ಫೋಟೋ ಬರುತ್ತದಲ್ಲ ಎಂದು ಯಾರಾದರೂ ಕೇಳಿದರೆ, "ಸೌಟಿನಾಗೂ ನೀರು ಕುಡೀಬಹುದು, ಹಂಗಂತ ತಂಬಿಗಿ ಒಗೀತಿಯೇನು?" ಎಂದು ಬಾಯಿ ಮುಚ್ಚಿಸುತ್ತಾನೆ.

ಸುಳ್ಳು ಯಾಕೆ ಹೇಳಲಿ, ಅವನ ಪರೀಕ್ಷೆಯಲ್ಲಿ ಹುರುಳಿತ್ತು. ದೊಡ್ಡದು ಒತ್ತಿದ ಕೂಡಲೇ ಖಟಕ್ ಎನ್ನುತ್ತದೆ. ಸಣ್ಣದು ಒತ್ತಿದ ಮೇಲೆ ವಿಚಾರ ಮಾಡುತ್ತದೆ. ಅದರ ವಿಚಾರ ಮುಗಿಯುವಷ್ಟರಲ್ಲಿ ಎದುರಿದ್ದ ಎಮ್ಮೆ ಕೂಡ ಜಾಗ ಬಿಟ್ಟಿರುತ್ತದೆ. ದೊಡ್ಡದರ ಬ್ಯಾಟರಿ ಮೂರು ದಿನ ಬಾಳುತ್ತದೆ, ಸಣ್ಣದರದು ಮಧ್ಯಾಹ್ನದ ಊಟಕ್ಕೆ ಮೊದಲೇ ಮಲಗುತ್ತದೆ. ಸಂಜೆಯಾದರೆ ಸಣ್ಣದರಲ್ಲಿ ಎಲ್ಲರ ಮುಖದ ಮೇಲೆ ರವೆ ಉದುರಿಸಿದಂತೆ ಕಾಣುತ್ತದೆ. ಆದರೆ ಸಣ್ಣದನ್ನು ಹೊತ್ತುಕೊಂಡು ಗುಡ್ಡ ಹತ್ತಬಹುದು. ದೊಡ್ಡದನ್ನು ಹೊತ್ತರೆ ಅರ್ಧ ಗುಡ್ಡಕ್ಕೆ ಕುಳಿತು ಅವಲಕ್ಕಿ ತಿನ್ನಬೇಕಾಗುತ್ತದೆ. ಇದನ್ನೆಲ್ಲ ಮಾವ ನಮಗೆ ವಾರಕ್ಕೊಮ್ಮೆ ಒಪ್ಪಿಸುತ್ತಿದ್ದ.

ಗಜೇಂದ್ರಗಡದ ಒಂದು ಮದುವೆಯಲ್ಲಿ ಪರೀಕ್ಷೆ ಅತಿಯಾಯಿತು. ಮಾವನ ಕಂಡಕ್ಟರಿಕೆ ಹೋಗಿಲ್ಲ ನೋಡಿ, ಫೋಟೋ ತೆಗೆಯುವ ಮುನ್ನ "ಹೋಲ್ಡಾನ್!" ಎನ್ನುತ್ತಾನೆ, ತೆಗೆದ ಮೇಲೆ "ರೈಟ್!" ಎನ್ನುತ್ತಾನೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ "ಹೋಲ್ಡಾನ್!" ಎಂದು ಕೂಗಿದ. ಪಾಪ, ಮದುಮಗ ದಿನಾಲೂ ಬಸ್ಸಿಗೆ ಓಡಾಡುವವನು, ಕೈ ಹಾಗೇ ನಿಲ್ಲಿಸಿದ! ದೊಡ್ಡದರಲ್ಲಿ ಬಂತು. ಗಂಟು ಬಿದ್ದ ಮೇಲೆ ಮಾವ ಕಿಸೆಯಿಂದ ಸಣ್ಣದನ್ನು ತೆಗೆದು, "ಇನ್ನೊಮ್ಮಿ ಕಟ್ರಿ, ಇದರಾಗೂ ನೋಡೂಣು" ಎಂದ. ಶಾಸ್ತ್ರಿಗಳು ಕಣ್ಣು ಕೆಂಪಗೆ ಮಾಡಿ, "ಇನ್ನೊಮ್ಮಿ ಕಟ್ಟಿದ್ರ ಅದು ಎರಡನೇ ಲಗ್ನ ಆಗ್ತೈತ್ರಿ. ದಕ್ಷಿಣಿ ನೀವು ಕೊಡ್ತೀರೇನು?" ಎಂದರು. ಮಾವ ಮೊದಲ ಬಾರಿಗೆ ತಾನೇ ತನಗೆ "ರೈಟ್" ಹೇಳಿಕೊಂಡು ಪಂಗತಿಯ ಕಡೆ ನಡೆದ.

ಇಷ್ಟೆಲ್ಲ ನಡೆದಿದ್ದರೂ ಮಾವನಿಗೆ ನಿಜವಾಗಿ ಬೇಕಾಗಿದ್ದ ಫೋಟೋ ಒಂದೇ. ಅದು ನಮ್ಮ ಅವ್ವನದು, ಅಂದರೆ ಅವನ ಅಕ್ಕನದು. ಅವ್ವನಿಗೆ ಈಗ ಎಪ್ಪತ್ತು ದಾಟಿದೆ. ಅವಳದೊಂದು ನೆಟ್ಟನೆಯ ಫೋಟೋ ನಮ್ಮ ರೋಣದ ಮನೆಯಲ್ಲಿಲ್ಲ. ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿದ್ದರಿಂದ ಬಾಸಿಂಗ ಮಾತ್ರ ಕಾಣುತ್ತದೆ. ಆಧಾರ್ ಕಾರ್ಡಿನಲ್ಲಿ ಒಂದಿದೆ, ಅದನ್ನು ನಂಬರು ನೋಡಿ ಗುರುತಿಸಬೇಕು. "ನನ್ನ ಮಾರಿ ಏನ್ ನೋಡೋದೈತಿ, ಹೋಗ್ರಲೇ" ಎಂದು ಅವ್ವ ಕ್ಯಾಮೆರಾ ಕಂಡರೆ ಎದ್ದು ನಡೆಯುತ್ತಾಳೆ. ಫೋನ್ ಎತ್ತಿದರೂ ಅಷ್ಟೇ. "ಸಾಯೂದ್ರಾಗ ಅಕ್ಕಂದೊಂದು ಚಲೋ ಫೋಟೋ ತಗೀಲಿಲ್ಲಂದ್ರ ನಾ ಕಂಡಕ್ಟರನ ಅಲ್ಲ" ಎಂದು ಮಾವ ಶಪಥ ಮಾಡಿದ್ದ. ಕಂಡಕ್ಟರಿಗೂ ಅದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ.

ದೊಡ್ಡ ಕ್ಯಾಮೆರಾ ಓಣಿಯ ತಿರುವಿಗೆ ಬಂದಾಗಲೇ ಅವ್ವನಿಗೆ ಗೊತ್ತಾಗುತ್ತಿತ್ತು, ಹಿತ್ತಿಲ ಬಾಗಿಲಿಂದ ಪಾರಾಗುತ್ತಿದ್ದಳು. ಸಣ್ಣದನ್ನು ಮಾವ ಟವೆಲ್ಲಿನಲ್ಲಿ ಮುಚ್ಚಿಟ್ಟು ತರುತ್ತಿದ್ದ. ಆದರೆ ಅದು ವಿಚಾರ ಮಾಡುವ ಪೈಕಿ! ಹೀಗಾಗಿ ನಮ್ಮಲ್ಲಿ ಅವ್ವನ ಸೆರಗಿನ ತುದಿಯ ಫೋಟೋ ಇದೆ, ಹಿಮ್ಮಡಿಯದಿದೆ, ಅವ್ವ ಆಗತಾನೇ ದಾಟಿಹೋದ ಬಾಗಿಲ ಪರದೆಯದಂತೂ ಹನ್ನೊಂದು ಇವೆ. ಕೊನೆಗೆ, ಯಾರಾದರೂ ನಕ್ಕರೆ ತಾನೇ ಫೋಟೋ ತೆಗೆಯುವ ವಿದ್ಯೆ ಸಣ್ಣದಕ್ಕಿದೆ ಎಂದು ಮಾವನಿಗೆ ತಿಳಿಯಿತು. ಅದನ್ನು ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಡಬ್ಬಿಯ ಹಿಂದೆ ಅಡಗಿಸಿಟ್ಟ. ಒಲೆಯ ಮುಂದೆ ಒಬ್ಬಳೇ ಕುಳಿತು ನಗಲು ಅವ್ವನಿಗೇನು ಹುಚ್ಚೇ? ಸಂಜೆ ತೆಗೆದು ನೋಡಿದರೆ, ಎದುರಿನ ಕ್ಯಾಲೆಂಡರಿನಲ್ಲಿ ನಗುತ್ತಿದ್ದ ಕೂಸಿನ ಎಪ್ಪತ್ತು ಫೋಟೋ ಬಂದಿದ್ದವು.

ಈ ನಡುವೆ ದೊಡ್ಡದಕ್ಕೂ ಒಂದು ಗಂಡಾಂತರ ಬಂತು. ಬೆಳವಣಕಿಯಲ್ಲಿ ನಮ್ಮವರ ಕಣದಲ್ಲಿ ಕಡಲೆಯ ರಾಶಿ ನಡೆದಿತ್ತು. ತೂರುವುದರ ಫೋಟೋ ತೆಗೆಯಲೆಂದು ಮಾವ ಗಾಳಿಗೆದುರಾಗಿ ನಿಂತು, ಲೆನ್ಸು ಬದಲಿಸಲು ಕ್ಯಾಮೆರಾದ ಬಾಯಿ ತೆರೆದ. ತೂರುತ್ತಿದ್ದ ಹೊಟ್ಟೆಲ್ಲ ಎಲ್ಲಿಗೆ ಹೋಗಬೇಕು? ಒಳಗೆ ಹೋಯಿತು! ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕಣ್ಣಿಗೆ ಕಸ ಬಿದ್ದವರಿಗೆ ಊದಿದಂತೆ ಇವನು ಉಫ್ ಉಫ್ ಎಂದು ನಾಲ್ಕು ಸಲ ಊದಿದ. ಬಿದ್ದಿದ್ದ ಹೊಟ್ಟು ಅಂಟಿಕೊಂಡಿತು. ಅಂದಿನಿಂದ ದೊಡ್ಡದರ ಪ್ರತಿ ಫೋಟೋದಲ್ಲೂ ನಡುವಿಗಿಂತ ತುಸು ಮೇಲೆ, ಬಲಕ್ಕೆ, ಒಂದು ಕರಿ ಚುಕ್ಕೆ. ನರಗುಂದದ ಗುಡ್ಡ ತೆಗೆದರೆ ಗುಡ್ಡದ ಮೇಲೊಂದು ಹದ್ದು. ಕೊಣ್ಣೂರಿನ ಬೀಗರನ್ನು ತೆಗೆದರೆ ಅವರ ಮೂಗಿನ ಮೇಲೊಂದು ನೊಣ. "ಹೊಡಕೋಬಾರದೇನ್ರೀ ಅದನ್ನ" ಎಂದು ಬೀಗಿತ್ತಿ ಫೋಟೋ ನೋಡಿ ಗಂಡನನ್ನು ಬೈದಳಂತೆ.

ಗಜೇಂದ್ರಗಡದಲ್ಲಿ ಗಡಿಯಾರ, ಕ್ಯಾಮೆರಾ ರಿಪೇರಿ ಮಾಡುವ ಸಾಹೇಬರೊಬ್ಬರಿದ್ದಾರೆ. ಅವರು ಕಣ್ಣಿಗೆ ಮಸೂರ ಏರಿಸಿ ಒಳಗೆ ಇಣುಕಿ, "ಏನ್ರೀ ಕಂಡಕ್ಟರ್ ಸಾಹೇಬ್ರ, ಇದು ಕ್ಯಾಮೆರಾನೋ ಹಗೇವೋ?" ಎಂದರು. ಹಗೇವು ಎಂದರೆ ನಮ್ಮ ಕಡೆ ನೆಲದೊಳಗೆ ಕಾಳು ತುಂಬಿಡುವ ತಗ್ಗು. "ತಗೀಬಹುದು. ಆದ್ರ ನಾಜೂಕ ಕೆಲಸ, ಹತ್ತು ದಿನ ನನ್ನ ಕಡೆ ಬಿಡ್ರಿ."

"ಹತ್ತು ದಿನ? ಆ ಹತ್ತು ದಿನದಾಗ ನಮ್ಮಕ್ಕ ಹೂಂ ಅಂದ್ರ?"

"ಸಣ್ಣದು ಐತೆಲ್ರೀ ನಿಮ್ಮ ಕಡೆ."

"ಅದು ವಿಚಾರ ಮಾಡೂತನಕ ಅಕ್ಕ ಮನಸು ಬದಲ ಮಾಡಿದ್ರ?" ಎಂದು ಮಾವ ಕ್ಯಾಮೆರಾ ಎತ್ತಿಕೊಂಡು ಬಂದುಬಿಟ್ಟ.

ಆ ದಿನ ಬಂದದ್ದು ಹೋದ ತಿಂಗಳು. ಮಾವ ಇಟಗಿಗೆ ಹೋಗಿ ಭೀಮಾಂಬಿಕೆಯ ದರ್ಶನ ಮುಗಿಸಿ ನೇರ ನಮ್ಮ ಮನೆಗೆ ಬಂದಿದ್ದ. ಅವ್ವ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಕ್ಯಾಮೆರಾ ಕಂಡದ್ದೇ ಸಿಟ್ಟಿಗೆದ್ದಳು. "ಯಾಕಪಾ ನನ್ನ ಬೆನ್ನ ಹತ್ತೀದಿ? ಮೂರು ತಾಲೂಕಿನಾಗ ಬ್ಯಾರೆ ಮಾರೀನ ಇಲ್ಲೇನು?"

ಮಾವ ಯಾವಾಗಿನಂತೆ ಹಾರಿಸಿ ಮಾತಾಡಲಿಲ್ಲ. ಮೆಟ್ಟಿಲ ಮೇಲೆ ಕುಳಿತ. "ಇಟಗಿಯಾಗ ಒಬ್ಬಾಕಿ ಮುದುಕಿ ಸಿಕ್ಕಿದ್ಲಕ್ಕಾ. ನಮ್ಮವ್ವನ ಗೆಳತಿ ಅಂತ. ನಿಮ್ಮಕ್ಕಂದು ಥೇಟ್ ನಿಮ್ಮವ್ವನ ಮಾರಿ, ಅಕಿನ್ನ ನೋಡಿದ್ರ ನಿಮ್ಮವ್ವನ್ನ ನೋಡಿದಂಗ ಅಂದ್ಲು. ಹಿಂದನೂ ಮಂದಿ ಅಂದಿದ್ರು" ಎಂದ. ಆಮೇಲೆ ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನನಗ ಅವ್ವನ ಮಾರಿ ನೆನಪಿಲ್ಲಕ್ಕಾ" ಎಂದ.

ಅಜ್ಜಿ ತೀರಿಕೊಂಡಾಗ ಮಾವನಿಗೆ ಎರಡು ವರ್ಷ, ಅವ್ವನಿಗೆ ಹನ್ನೆರಡು. ಅಜ್ಜಿಯ ಒಂದೂ ಫೋಟೋ ಇಲ್ಲ. ಇದು ನಮಗೆಲ್ಲ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದೂ ಒಂದೂವರೆ ವರ್ಷ ನಕ್ಕಿದ್ದೆವಲ್ಲ ಎಂದು ನನಗೆ ನಾಚಿಕೆಯಾಯಿತು.

ಅವ್ವ ಎದ್ದು ಒಳಗೆ ಹೋದಳು. ಹೋಯಿತು, ಇನ್ನು ಹಿತ್ತಿಲ ಬಾಗಿಲೇ ಗತಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಇಳಕಲ್ಲ ಸೀರೆ ಉಟ್ಟುಕೊಂಡು, ಹಣೆಗೆ ಕಾಸಗಲ ಕುಂಕುಮವಿಟ್ಟುಕೊಂಡು ಬಂದಳು. ಕಟ್ಟೆಯ ಮೇಲೆ ಕುಳಿತು, ತಲೆ ಮೇಲಿನ ಸೆರಗನ್ನು ಎರಡೂ ಹೆಗಲ ಮೇಲೆ ಎಳೆದುಕೊಂಡಳು. "ಅವ್ವ ಹಿಂಗ ಹೊತ್ಕೋತಿದ್ಲು" ಎಂದಳು. "ಹೂಂ, ತಗೀ. ಎರಡರಾಗೂ ತಗೀ."

ಮಾವನ ಬಾಯಿಂದ "ಹೋಲ್ಡಾನ್" ಹೊರಡಲಿಲ್ಲ. ಅದರ ಅಗತ್ಯವೂ ಇರಲಿಲ್ಲ, ಅವ್ವ ಅಲುಗಾಡದೆ ಕುಳಿತಿದ್ದಳು. ಸಣ್ಣದು ನಿಧಾನವಾಗಿ ವಿಚಾರ ಮಾಡಿ ತೆಗೆಯಿತು, ಸ್ವಚ್ಛ ಬಂತು. ದೊಡ್ಡದು ಖಟಕ್ ಎಂದಿತು. ಅದರಲ್ಲಿ ಅವ್ವನ ಕಣ್ಣಿನ ಸುತ್ತಲ ಗೆರೆಗಳು, ಇಳಕಲ್ಲ ಸೆರಗಿನ ಒಂದೊಂದು ಎಳೆ, ಎಲ್ಲವೂ ಎದ್ದು ಕಂಡವು. ಜೊತೆಗೆ ಕೆನ್ನೆಯ ಮೇಲೆ, ತುಟಿಯ ಪಕ್ಕಕ್ಕೆ, ಆ ದರಿದ್ರ ಹೊಟ್ಟು!

"ಇದರ ಮನಿ ಹಾಳಾಗ!" ಎಂದು ಮಾವ ತಲೆ ಬಡಿದುಕೊಂಡ. "ಅಕ್ಕ ಕುಂತದ್ದ ಒಂದ್ ಸಲ, ಅವತ್ತೂ ಬಿಡಲಿಲ್ಲ ನೋಡು. ಸಣ್ಣದರಾಗಿನದನ್ನ ಇಟ್ಕೋತೀನಿ, ಇದನ್ನ ಅಳಿಸಿಬಿಡ್ತೀನಿ."

"ತಾ ಇಲ್ಲಿ" ಎಂದು ಅವ್ವ ಚಷ್ಮಾ ಹಾಕಿಕೊಂಡು ಕ್ಯಾಮೆರಾದ ಬೆನ್ನ ಮೇಲಿನ ಫೋಟೋವನ್ನು ಬಹಳ ಹೊತ್ತು ನೋಡಿದಳು. "ಅಳಿಸಬ್ಯಾಡೋ. ಅವ್ವಗ ಇಲ್ಲೇ ಮಚ್ಚಿ ಇತ್ತು."

ಮಾವ ಅಕ್ಕನ ಪಕ್ಕಕ್ಕೆ ಸರಿದು ಫೋಟೋದ ಮೇಲೆ ಬಗ್ಗಿದ. "ಖರೇ?"

"ಖರೇ ಅಂದ್ರ ಖರೇ. ನೀ ಹಾಲು ಕುಡಿಯೂ ಮುಂದ ಅದನ್ನ ಉಗುರಿಲೆ ಕೆರೀತಿದ್ದಿ. 'ಅದು ಕಡಲಿಕಾಳಲ್ಲೋ ಮಗನ, ಕಿತ್ತುಕೊಂಡು ತಿನ್ನಾಕ' ಅಂತ ಅವ್ವ ನಗತಿದ್ಲು."

"ಇಷ್ಟ ವರ್ಷ ಯಾಕ ಹೇಳಲಿಲ್ಲಕ್ಕಾ?"

"ನೀ ಯಾವಾಗ ಕೇಳೀದಿ?"

ಅರವತ್ತು ದಾಟಿದ ಮಾವ ಅಕ್ಕನ ಮಡಿಲಲ್ಲಿ ಮುಖವಿಟ್ಟು ಅತ್ತ. ಮೆಣಸಿನಕಾಯಿಯ ಕೈ ಎಂದು ಅವ್ವ ಅವನ ತಲೆಯನ್ನು ಮೊಣಕೈಯಿಂದ ಸವರಿದಳು. ನಾನೂ ಅತ್ತೆ, ಮೆಣಸಿನಕಾಯಿಯ ಘಾಟು ಎಂದು ಸುಳ್ಳು ಹೇಳಿದೆ.

ನ್ಯಾಯ ಮುಗಿಯಿತು. ಸಣ್ಣದನ್ನು ಮಾವ ನನಗೆ ಕೊಟ್ಟ. ದೊಡ್ಡದು ಅವನ ಹೆಗಲ ಮೇಲೇ ಇದೆ. ಅದರಲ್ಲಿ ತೆಗೆದ ಅವ್ವನ ಫೋಟೋ ಕಟ್ಟು ಹಾಕಿಸಿಕೊಂಡು ನರಗುಂದದ ಅವನ ಮನೆಯ ನಡುಮನೆಯಲ್ಲಿದೆ. ಮೊನ್ನೆ ನಾನು ಅಲ್ಲಿದ್ದಾಗ ಗಜೇಂದ್ರಗಡದ ಸಾಹೇಬರ ಫೋನ್ ಬಂತು. ಈಗ ಕೆಲಸ ಕಡಿಮೆ ಇದೆ, ಕ್ಯಾಮೆರಾ ತನ್ನಿ, ಐದೇ ದಿನದಲ್ಲಿ ಹೊಟ್ಟು ತೆಗೆದುಕೊಡುತ್ತೇನೆ ಎಂದರು.

"ಬ್ಯಾಡ್ರಿ ಸಾಹೇಬ್ರ" ಎಂದ ಮಾವ. "ಅದು ಹೊಟ್ಟಲ್ರೀ, ನಮ್ಮವ್ವನ ಮಚ್ಚಿ."