ಹೊಳೆಯ ತಿರುವಿನಲ್ಲಿ ಮಂಚ ಇಳಿಸಿಹೋದವರಿಗೆ

ಊರವರ ಮನೆಗಳನ್ನು ಹಗುರಗೊಳಿಸುವುದನ್ನೇ ವ್ರತವಾಗಿಸಿಕೊಂಡಿರುವ ಗುಡ್ ಕ್ವೇಲ್ ಮನೆ ತೆರವು ಕಂಪನಿಯ ಮಾಲೀಕರಾದ ಶ್ರೀಯುತ ಕರ್ಟಿಸ್ ಹ್ಯಾವರ್‌ಕ್ಯಾಂಪ್ ಅವರ ಸನ್ನಿಧಿಗೆ,

ಮಾನ್ಯರೇ,

ನೆವಾಡದ ಟುಲಿ ಕ್ರೀಕ್ ಪಾಯೂಟ್ ಬುಡಕಟ್ಟಿನ ಸೀಮೆಯಿಂದ ಅಲ್ಲಿನ ಕಸ ನಿಯಂತ್ರಣ ಅಧಿಕಾರಿಣಿ ಟ್ವೈಲಾ ರೀಡ್ ಮಾಡುವ ವಂದನೆಗಳು. ನಾವೆಲ್ಲ ಕ್ಷೇಮವಾಗಿದ್ದೇವೆ, ತಾವೂ ತಮ್ಮ ಕುಟುಂಬದವರೂ ತಮ್ಮ ಲಾರಿಯೂ ಕ್ಷೇಮವೆಂದು ನಂಬಿದ್ದೇನೆ. ಲಾರಿಯ ಆರೋಗ್ಯವನ್ನು ವಿಶೇಷವಾಗಿ ವಿಚಾರಿಸುತ್ತಿರುವುದಕ್ಕೆ ಕಾರಣವಿದೆ. ನಮ್ಮ ಹೊಳೆದಾರಿ ಬರೀ ಕಲ್ಲು, ತಮ್ಮ ಚಾಲಕರು ಅಷ್ಟು ಭಾರ ಹೇರಿಕೊಂಡು ದೀಪ ಆರಿಸಿ ಬಂದಿರಬೇಕು, ಬರುವಾಗ ಅದರ ಹೊಟ್ಟೆಗೆ ಪೆಟ್ಟು ಬಿದ್ದಿದ್ದರೆ ಆ ಪಾಪ ನಮ್ಮ ರಸ್ತೆಗೆ ಸುತ್ತಿಕೊಳ್ಳುತ್ತದಲ್ಲ ಎಂಬುದೇ ನನ್ನ ಚಿಂತೆ.

ಮೊದಲಿಗೆ ತಮ್ಮ ಸತ್ಯಸಂಧತೆಯನ್ನು ಹೊಗಳದಿದ್ದರೆ ಅಪಚಾರವಾದೀತು. ತಮ್ಮ ಲಾರಿಯ ಮೇಲೆ ಜುಟ್ಟಿನ ದುಂಡು ಕ್ವೇಲ್ ಹಕ್ಕಿಯ ಕೆಳಗೆ, ‘ನಿಮ್ಮ ಹಳೆಯ ವಸ್ತುಗಳಿಗೆ ಪ್ರಕೃತಿಯ ಮಡಿಲಲ್ಲಿ ಹೊಸ ಬಾಳು’ ಎಂದು ಬರೆಸಿದ್ದೀರಿ. ಜಾಹೀರಾತಿನಲ್ಲಿ ಹೇಳಿದ್ದನ್ನು ಅಕ್ಷರಶಃ ನಡೆಸಿಕೊಟ್ಟ ಕಂಪನಿಯನ್ನು ನಾನಂತೂ ಇದೇ ಮೊದಲು ಕಂಡದ್ದು. ಕಳೆದ ಅಕ್ಟೋಬರಿನಲ್ಲಿ ಒಂದು ಜೋಡಿಮಂಚ, ಹಾಸಿಗೆ, ಕನ್ನಡಿಯ ಕಪಾಟು, ತುಂಬ ಒಳ್ಳೆಯ ಅಡುಗೆ ಪಾತ್ರೆಗಳು, ಹೆಂಗಸೊಬ್ಬರ ಉಡುಪುಗಳು ಮತ್ತು ಪಾದರಕ್ಷೆಗಳು ನಮ್ಮ ಹೊಳೆಯ ತಿರುವಿನ ವಿಲೋ ಪೊದೆಗಳ ಮಡಿಲಲ್ಲಿ, ಪ್ರಕೃತಿ ಇನ್ನೂ ಏಳುವ ಮುನ್ನವೇ ಹೊಸ ಬಾಳನ್ನು ಆರಂಭಿಸಿದ್ದವು.

ಬೇರೆ ಯಾವ ಊರಾದರೂ ಆ ದಿನವೇ ಗದ್ದಲವೆಬ್ಬಿಸುತ್ತಿತ್ತು. ನಾವು ಎಬ್ಬಿಸಲಿಲ್ಲ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರು ಮಲಗಿದ ಹಾಸಿಗೆ, ಉಟ್ಟ ಬಟ್ಟೆ, ಉಂಡ ಪಾತ್ರೆಗಳನ್ನು ಉಳಿದವರು ಇಟ್ಟುಕೊಳ್ಳುವುದಿಲ್ಲ. ಸುಡುತ್ತಾರೆ, ಇಲ್ಲವೇ ಜನ ಓಡಾಡದ ಕಡೆ ಬಿಟ್ಟು ಹಿಂದಿರುಗಿ ನೋಡದೆ ಬರುತ್ತಾರೆ. ಅದನ್ನು ಬೇರೆಯವರು ಮುಟ್ಟುವುದಿಲ್ಲ. ಹಾಗಾಗಿ ಆ ಮಂಚವನ್ನೂ ಆ ಚಪ್ಪಲಿಗಳನ್ನೂ ಕಂಡವರೆಲ್ಲರಿಗೆ ಹೊಳೆದದ್ದು ಒಂದೇ ವಿಷಯ: ಪೇಟೆಯ ಯಾವನೋ ಪಾಪದವನ ಹೆಂಡತಿ ತೀರಿಹೋಗಿದ್ದಾಳೆ, ಎಲ್ಲಿ ಬಿಡಬೇಕೆಂದು ತಿಳಿಯದೆ ನಮ್ಮಲ್ಲಿಗೆ ತಂದು ಬಿಟ್ಟುಹೋಗಿದ್ದಾನೆ. ಹಿರಿಯರು ಅತ್ತ ಹೋಗುವುದನ್ನು ನಿಲ್ಲಿಸಿದರು. ಮಕ್ಕಳನ್ನು ಗದರಿಸಿ ದೂರವಿಟ್ಟೆವು. ನನ್ನ ದೊಡ್ಡಮ್ಮ ಆರ್ಡಿಸ್ ಹೊಳೆಯ ಈಚೆ ದಡದಲ್ಲಿ ನಿಂತು ತಮ್ಮ ಕಂಪನಿಯ ಗಿರಾಕಿಯ ಹೆಂಡತಿಗಾಗಿ ಪ್ರಾರ್ಥನೆ ಮಾಡಿದರು, ಸ್ವಲ್ಪ ಅತ್ತರು ಕೂಡ. ಇಷ್ಟು ಗೌರವದ ವಿದಾಯವನ್ನು ತಮ್ಮ ಕಂಪನಿ ಹೆಚ್ಚುವರಿ ಶುಲ್ಕ ಪಡೆದೂ ಕೊಡಿಸಲಾರದು.

ದೊಡ್ಡಮ್ಮನಿಗೆ ಆ ತಿರುವು ಬರಿಯ ಪೊದೆಯಲ್ಲ, ಮಾನ್ಯರೇ. ಅವರ ತಾಯಿಯೂ ಅಜ್ಜಿಯೂ ವರ್ಷವರ್ಷ ಕತ್ತರಿಸಿ ಕತ್ತರಿಸಿ ನೆಟ್ಟಗೆ ಬೆಳೆಸಿದ ವಿಲೋ ಅದು; ಎಲೆ ಉದುರಿದ ಮೇಲೆ, ಮೊಗ್ಗು ಒಡೆಯುವ ಮುಂಚೆ ಕಡ್ಡಿ ಕೊಯ್ದು, ನಮ್ಮ ಮಕ್ಕಳನ್ನು ಬೆನ್ನಿಗೆ ಹೊರುವ ತೊಟ್ಟಿಲುಗಳನ್ನು ಹೆಣೆಯುತ್ತಾರೆ. ನಾನು ಅಂಥದ್ದರಲ್ಲೇ ಬೆಳೆದೆ, ನನ್ನ ಮಗಳು ಶೆಲ್ಬಿಯೂ ಬೆಳೆದಳು. ಈ ಏಪ್ರಿಲ್‌ನಲ್ಲಿ ಶೆಲ್ಬಿಗೆ ಚೊಚ್ಚಲ ಹೆರಿಗೆ. ಕೈನಡುಕ ಶುರುವಾಗಿರುವ ದೊಡ್ಡಮ್ಮ, ಇದೊಂದನ್ನು ಹೆಣೆದು ಮುಗಿಸಿಬಿಡುತ್ತೇನೆ, ಆಮೇಲೆ ಕೈ ಬಿದ್ದುಹೋದರೂ ಸರಿಯೆಂದು ಹೇಳಿಕೊಂಡು ಓಡಾಡುತ್ತಿದ್ದರು. ಅಂಥವರು ಡಿಸೆಂಬರ್ ಕಳೆದರೂ ಜನವರಿ ಕಳೆದರೂ ಕತ್ತಿ ಮುಟ್ಟಲಿಲ್ಲ. ಅವನ ದುಃಖ ಆರಲಿ ಎಂದರು. ಅವನು ಯಾರೆಂದು ಅವರಿಗೆ ಗೊತ್ತೂ ಇರಲಿಲ್ಲ.

ಕಸದ ಅಧಿಕಾರಿಯಾದ ನೀನೇನು ಮಾಡುತ್ತಿದ್ದೆಯಮ್ಮ ಎಂದು ತಾವು ಕೇಳಬಹುದು. ನಮ್ಮ ಬುಡಕಟ್ಟಿನ ಸಮಿತಿ ಹೋದ ವರ್ಷ ಕಸದ ಕಾನೂನು ಮಾಡಿ ನನ್ನ ಕೈಗಿತ್ತಿತು: ಬಾಟಲಿ ಬೇರೆ, ಡಬ್ಬಿ ಬೇರೆ, ಕಾಗದ ಬೇರೆ, ಬಯಲಲ್ಲಿ ಏನನ್ನೂ ಸುಡುವಂತಿಲ್ಲ. ನನ್ನ ಆಡಳಿತಕ್ಕೆ ಒಳಪಟ್ಟವರೆಲ್ಲರೂ ನನ್ನ ನೆಂಟರೇ. ಈಗ ನನ್ನ ಪಿಕಪ್ ಗಾಡಿ ಕಂಡರೆ ಚಿಕ್ಕಪ್ಪಂದಿರು ಬೆನ್ನ ಹಿಂದೆ ಕಾಗದದ ಲೋಟ ಬಚ್ಚಿಡುತ್ತಾರೆ. ಈ ಕಾನೂನಿನ ಮೊದಲ ಏಟು ಬಿದ್ದದ್ದು ದೊಡ್ಡಮ್ಮನ ಮೇಲೆಯೇ. ಅವರ ಯಜಮಾನರು ತೀರಿಕೊಂಡಾಗ (ಹೆಸರು ಬರೆಯುವುದಿಲ್ಲ, ತೀರಿಕೊಂಡವರ ಹೆಸರೆತ್ತುವಷ್ಟು ದಿನ ಇನ್ನೂ ಕಳೆದಿಲ್ಲ), ಹಾಸಿಗೆ ಸುಡಲು ಹೊರಟಿದ್ದರು. ಅದು ಸ್ಪಂಜಿನ ಹಾಸಿಗೆ, ಹೊಗೆ ವಿಷ, ಸುಡಬಾರದು ಎಂದು ಹೇಳಲು ನಾನೇ ಹೋಗಬೇಕಾಯಿತು. ಅವರು ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದೇ ಕೇಳಿದರು: “ಅವರು ಮಲಗಿದ ಹಾಸ್ಗೆಗೂ ನಿಮ್ಮ ಕಮಿಟಿಗೂ ಏನೇ ಸಂಬಂಧ? ನಿನ್ನನ್ನ ಎತ್ತಿ ಆಡಿಸಿದವರು ಕಣೇ ಅವರು.”

ಕೊನೆಗೆ ಬಟ್ಟೆ ಕಂಬಳಿಗಳನ್ನು ಸುಟ್ಟು, ಹಾಸಿಗೆಯನ್ನು ನನ್ನ ಗಾಡಿಯಲ್ಲಿ ಕಸದ ನೆಲೆಗೆ ಕಳುಹಿಸಲು ಒಪ್ಪಿದರು. ಅಂತೂ ಕಾನೂನಿಗೆ ತಲೆಬಾಗಿದರು, ಮಾನ್ಯರೇ. ಇದನ್ನು ಮಾತ್ರ ದಯವಿಟ್ಟು ಗಮನಿಸಬೇಕು. ಇಷ್ಟಾದ ಮೇಲೆ ಪರವೂರಿನವನೊಬ್ಬನ ಹೆಂಡತಿಯ ಹಾಸಿಗೆಯನ್ನು ಕಸವೆಂದು ಕರೆಯಲು ನನಗೂ ನಾಲಿಗೆ ಏಳಲಿಲ್ಲ.

ಫೆಬ್ರವರಿ ಮುಗಿಯುತ್ತ ಬಂದಂತೆ ಮೊಗ್ಗು ಒಡೆಯುವ ಭಯ ಹುಟ್ಟಿ, ಆ ವಿಧುರನನ್ನು ಕಂಡು ಸಮಾಧಾನ ಹೇಳಿ, ವಸ್ತುಗಳನ್ನು ಮಣ್ಣುಮಾಡಲು ಅಪ್ಪಣೆ ಕೇಳೋಣವೆಂದು ದೊಡ್ಡಮ್ಮ ತೀರ್ಮಾನಿಸಿದರು. ಆ ರಾಶಿಯಿಂದ ಗಾಳಿಗೆ ಹಾರಿಬಂದ ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಪೇಟೆಯ ವಿಳಾಸವಿತ್ತು. ಪೈನ್ ಬೀಜದ ಗಂಜಿ ಕಾಯಿಸಿ, ರೊಟ್ಟಿ ಕರಿದು, ಒಳ್ಳೆಯ ಶಾಲು ಹೊದ್ದು, ನನ್ನನ್ನೂ ಕರೆದುಕೊಂಡು ಹೊರಟರು. ಬಾಗಿಲು ತೆರೆದವರು ವೆಂಡಲ್ ಪ್ರ್ಯಾಟ್ ಎಂಬ ಹಿರಿಯ ಸಂಭಾವಿತರು. ದೊಡ್ಡಮ್ಮ ಅವರ ಎರಡೂ ಕೈ ಹಿಡಿದು, ಧೈರ್ಯ ತಂದುಕೋ, ಸ್ವಲ್ಪ ಕಾಲ ಅವಳ ಹೆಸರು ಹೇಳಬೇಡ, ಹೇಳಿದರೆ ಅವಳಿಗೆ ದಾರಿ ಸಾಗುವುದಿಲ್ಲ ಎಂದು ಮೆಲ್ಲಗೆ ಬುದ್ಧಿ ಹೇಳುತ್ತಿರುವಾಗ, ಒಳಗಿನಿಂದ ಶ್ರೀಮತಿ ಪ್ರ್ಯಾಟ್ ಅವರು ಕೈ ಒರೆಸಿಕೊಳ್ಳುತ್ತ ಬಂದು, ಯಾರು ಬಂದಿದ್ದು ಎಂದು ವಿಚಾರಿಸಿದರು.

ನನ್ನ ದೊಡ್ಡಮ್ಮ ಹಿಂದಕ್ಕೆ ಸರಿದು ನನ್ನ ಕಾಲು ತುಳಿದದ್ದು ಇನ್ನೂ ನೋಯುತ್ತದೆ. ಕಾಲಿನ ಚಪ್ಪಲಿಯಿಂದ ತಲೆಯವರೆಗೆ ಆ ಹೆಂಗಸನ್ನು ನೋಡಿ, ಉಸಿರಾಡುತ್ತಿದ್ದಾಳೆಂದು ಖಾತ್ರಿಯಾದ ಮೇಲೆ ಬಾಯಿಬಿಟ್ಟರು: “ನಿನ್ನ ಬಟ್ಟೆಬರೆ ಎಲ್ಲಾ ನಮ್ಮ ಹೊಳೆ ಹತ್ರ ಇದಾವಲ್ಲ ತಾಯಿ. ನೀನು ಇಲ್ಲೇನು ಮಾಡ್ತಿದೀಯ?”

ಆಕೆ ತೆಳ್ಳಗಾಗಿದ್ದಾರೆ, ಅಷ್ಟೇ. ಹಳೆಯ ಉಡುಪು ಸಡಿಲವಾಯಿತಂತೆ, ಅದರ ಜೊತೆಗೆ ಮಲಗುವ ಕೋಣೆಯನ್ನೂ ಹೊಸದು ಮಾಡಿಸಿದರಂತೆ. ಎಲ್ಲವನ್ನೂ ತಮ್ಮ ಕಂಪನಿಯ ಕೈಗಿಟ್ಟು, ಭೂಮಿಗೆ ನೋವಾಗದಂತೆ ಮರುಬಳಕೆ ಮಾಡಿಸಲೆಂದು ಮೇಲೆ ಬೇರೆ ತೆತ್ತಿದ್ದರಂತೆ. ಅವರದೇ ಅಡುಗೆಮನೆಯಲ್ಲಿ ಅವರದೇ ಸಾವಿನ ಗಂಜಿಯನ್ನು ಎಲ್ಲರೂ ಕುಳಿತು ಉಂಡೆವು. ಆಕೆ ಎರಡು ಸಲ ಬಡಿಸಿಕೊಂಡರು. ಮುಂದಿನ ಶನಿವಾರ ದಂಪತಿಗಳು ಕೈಗವಸು ಹಾಕಿಕೊಂಡು ಬಂದು, ನಮ್ಮೊಡನೆ ನಿಂತು ತಮ್ಮ ಮಂಚವನ್ನು ತಾವೇ ಎತ್ತಿದರು. ನಾಚಿಕೆಯಿಂದ ಅವರ ಮುಖ ಕೆಂಪಾಗಿದ್ದುದನ್ನು ನೋಡಿ ನಮಗೇ ಕಸಿವಿಸಿಯಾಯಿತು. ತಮ್ಮ ಪಾಲಿನ ನಾಚಿಕೆಯನ್ನೂ, ಮಾನ್ಯರೇ, ಅವರೇ ಪಟ್ಟುಬಿಟ್ಟರು.

ಕಪಾಟು ಸರಿಸಿದಾಗ ಅದರಡಿಯಲ್ಲಿ ಬೇರೆ ಯಾರದೋ ಶೆಡ್ಡಿನ ಸರಕು ಕಂಡಿತು: ಕಳೆನಾಶಕದ ಡಬ್ಬಿಗಳು, ಇಲಿ ಪಾಷಾಣ, ಬಣ್ಣ ತೆಗೆಯುವ ದ್ರವ. ಅವು ತಮ್ಮ ಲಾರಿಯಲ್ಲಿ ಮೊದಲು ಹೇರಿದವೋ ಕೊನೆಗೆ ಹೇರಿದವೋ, ಒಟ್ಟಿನಲ್ಲಿ ಇಳಿದದ್ದು ಎಲ್ಲವೂ ಒಟ್ಟಿಗೇ. ಡಬ್ಬಿಗಳು ಒಡೆದಿದ್ದವು. ನಾವು ಶೋಕಕ್ಕೆ ಮರ್ಯಾದೆ ಕೊಟ್ಟು ದೂರವಿದ್ದ ಅಷ್ಟೂ ತಿಂಗಳು, ಹಿಮ ಕರಗಿದ ನೀರು ಅವುಗಳನ್ನು ತೊಳೆತೊಳೆದು ವಿಲೋ ಬುಡಕ್ಕೆ ಉಣಿಸಿತ್ತು.

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿಯನ್ನು ಅರಿಕೆ ಮಾಡಿಕೊಳ್ಳಬೇಕು. ವಿಲೋ ಕಡ್ಡಿಯನ್ನು ಚಾಕುವಿನಿಂದ ಸೀಳಿದರೆ ಕೆಟ್ಟುಹೋಗುತ್ತದೆ. ತುದಿಯನ್ನು ಹಲ್ಲಿನಿಂದ ಮೂರಾಗಿ ಬಿಡಿಸಿ, ಒಂದು ಎಳೆಯನ್ನು ಹಲ್ಲಲ್ಲಿ ಕಚ್ಚಿ, ಉಳಿದೆರಡನ್ನು ಎರಡು ಕೈಯಲ್ಲಿ ಎಳೆಯಬೇಕು. ಒಂದು ತೊಟ್ಟಿಲು ಮುಗಿಯುವಷ್ಟರಲ್ಲಿ ಆ ಹೊಳೆಯ ರಸವೆಲ್ಲ ಹೆಣೆಯುವವಳ ಬಾಯಿ ಸೇರಿರುತ್ತದೆ. ಮುಂದೆ ಮಗುವಿಗೆ ಹಲ್ಲು ಬರುವಾಗ ಅದೂ ತೊಟ್ಟಿಲಿನ ಅಂಚನ್ನೇ ಚೀಪುತ್ತದೆ. ದೊಡ್ಡಮ್ಮ ಅಂದು ಒಂದು ಕಡ್ಡಿ ಕೊಯ್ದು, ಬಾಯಿಯವರೆಗೆ ಒಯ್ದು, ಮೂಸಿ, ಕೆಳಗಿಟ್ಟರು. ನನಗೆ ಬಂದ ಸಿಟ್ಟನ್ನು ಅಧಿಕಾರಿಯ ಭಾಷೆಯಲ್ಲಿ ಬರೆಯಲು ಬಾರದು, ಆದ್ದರಿಂದ ಬಿಟ್ಟಿದ್ದೇನೆ.

ನಾನು ತಮಗೆ ನೋಟಿಸು ಕಳುಹಿಸಿದೆ. ಬುಡಕಟ್ಟಿನ ಕಾನೂನು ಬುಡಕಟ್ಟಿನವರಿಗೆ ಮಾತ್ರ, ತಮ್ಮ ಕಂಪನಿಗೆ ತಗಲುವುದಿಲ್ಲವೆಂದು ತಮ್ಮ ವಕೀಲರು ಬಹಳ ವಿನಯದಿಂದ ತಿಳಿಸಿದರು. ಅಲ್ಲದೆ ಆ ದ್ರವಗಳು ಮನೆಬಳಕೆಯವು, ನಿರುಪದ್ರವಿ ಎಂಬ ಸಂತೋಷದ ಸುದ್ದಿಯನ್ನೂ ಸೇರಿಸಿದರು. ಜಿಲ್ಲೆಯವರು, ಕಂಪನಿ ನಮ್ಮ ವ್ಯಾಪ್ತಿಯದೇ ಆದರೂ ನೆಲ ನಮ್ಮದಲ್ಲ ಎಂದರು. ರಾಜಧಾನಿಯವರು, ನೆಲ ನಮ್ಮ ಸುಪರ್ದಿಯಲ್ಲೇ ಇದೆ, ಪರಿಶೀಲಿಸುತ್ತೇವೆ ಎಂದರು, ಪರಿಶೀಲಿಸುತ್ತಲೇ ಇದ್ದಾರೆ. ಹೀಗೆ, ತನ್ನ ಗಂಡನ ಹಾಸಿಗೆಗೆ ಬೆಂಕಿಯಿಡಲು ಹೊರಟ ಮುದುಕಿಗೆ ತಗಲುವ ಕಾನೂನು ತಮಗೆ ತಗಲುವುದಿಲ್ಲವೆಂದು ನಾವೆಲ್ಲ ಕಲಿತೆವು. ಕಲಿಸಿದ್ದಕ್ಕೆ ಕೃತಜ್ಞತೆಗಳು.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿಗಳಿವೆ. ಮೊದಲನೆಯದು, ತಾವು ದಯವಿಟ್ಟು ನಮ್ಮ ಬುಡಕಟ್ಟಿಗೆ ಸೇರಬೇಕು. ಈ ದೇಶದಲ್ಲಿ ಯಾರನ್ನು ಮಾತಾಡಿಸಿದರೂ ತನ್ನ ಮುತ್ತಜ್ಜಿ ನಮ್ಮ ಕಡೆಯ ರಾಜಕುಮಾರಿ ಎನ್ನುತ್ತಾರೆ. ನಮಗೆ ರಾಜರೇ ಇರಲಿಲ್ಲ, ಆದರೂ ಕುಮಾರಿಯರಿಗೆ ಬರವಿಲ್ಲ. ಏನನ್ನೋ ಪಡೆಯಲಿಕ್ಕಲ್ಲ, ದಂಡ ಕಟ್ಟಲಿಕ್ಕಾಗಿ ನಮ್ಮನ್ನು ಸೇರಿದ ಮೊದಲಿಗರೆಂಬ ಕೀರ್ತಿ ತಮ್ಮದಾಗಲಿ. ದೊಡ್ಡಮ್ಮ ತಮ್ಮನ್ನು ಮಗನೆಂದು ಒಪ್ಪಲು ಸಿದ್ಧರಿದ್ದಾರೆ. ಅವರ ಷರತ್ತುಗಳು ಸರಳ: ಊರಿನ ಯಾವ ಸಾವನ್ನೂ ತಪ್ಪಿಸಬಾರದು, ಸಾವಿನೂಟದ ಪಾತ್ರೆ ಉಜ್ಜಬೇಕು, ಸಮಿತಿಯ ಸಭೆಯಲ್ಲಿ ಕೊನೆಯವರೆಗೂ ಕೂರಬೇಕು, ಚಿಕ್ಕಪ್ಪಂದಿರ ತಮಾಷೆಗೆ ನಗಬೇಕು. ಕೊನೆಯದು ಕಷ್ಟವೆಂದು ನಾನು ಎಚ್ಚರಿಸಿದ್ದೇನೆ.

ಎರಡನೆಯದು, ನೆಂಟಸ್ತಿಕೆ ಬೇಡವೆಂದರೆ, ಒಂದೇ ಒಂದು ಮಧ್ಯಾಹ್ನ ಅತಿಥಿಯಾಗಿ ಬನ್ನಿ. ಆ ತಿರುವಿನಲ್ಲಿ ಕೊಯ್ದ ಒಂದು ಹಿಡಿ ಕಡ್ಡಿಯನ್ನು ದೊಡ್ಡಮ್ಮ ನೆನೆಹಾಕಿಟ್ಟಿದ್ದಾರೆ. ತಾವು ಅವರ ಪಕ್ಕದಲ್ಲಿ ಕುಳಿತು, ವಕೀಲರ ಮಾತನ್ನು ನೆನೆಯುತ್ತ, ತಮ್ಮ ಹಲ್ಲಿನಿಂದಲೇ ಅವನ್ನು ಸೀಳಿಕೊಟ್ಟರೆ ಸಾಕು. ನಾನು ನೋಟಿಸನ್ನು ಎಲ್ಲರೆದುರು ಹರಿದು, ಕಾಗದದ ಡಬ್ಬಿಗೇ ಹಾಕುತ್ತೇನೆ. ಒಂದು ಕ್ಷಣ ಅನುಮಾನಿಸಿದಿರಾದರೆ ಮಾತ್ರ, ಹೊಳೆಯ ಮಣ್ಣನ್ನು ಬುಡದವರೆಗೆ ಬಗೆಸಿ, ಹೊಸ ಮಣ್ಣು ತುಂಬಿಸಿ, ಗಿಡ ಚಿಗುರುವವರೆಗೆ ಕಾಪಾಡಿಕೊಡಬೇಕು. ತೀರ್ಪನ್ನು ನಾವು ಕೊಡುವುದಿಲ್ಲ, ತಮ್ಮ ಬಾಯಿಗೇ ಬಿಟ್ಟಿದ್ದೇವೆ.

ಪ್ರ್ಯಾಟ್ ದಂಪತಿಗಳು ಸಾಕ್ಷಿಯಾಗಿ ಬರುತ್ತಾರೆ. ಗಂಜಿಯ ಆಸೆಯೂ ಇರಬಹುದು. ತಮ್ಮ ಸಮಯ ಅಮೂಲ್ಯವೆಂದು ಬಲ್ಲೆ, ಆದರೂ ಉತ್ತರವನ್ನು ನಿರೀಕ್ಷಿಸುವ,

ತಮ್ಮ ವಿಶ್ವಾಸಿ,
ಟ್ವೈಲಾ ರೀಡ್

ತಾ.ಕ.: ಈ ಬಹಿರಂಗ ಪತ್ರವನ್ನು ಪತ್ರಿಕೆಗೆ ಕೊಡುವ ಹೊತ್ತಿಗೆ ಮಗು ಹುಟ್ಟಿದೆ, ಹೆಣ್ಣು. ಬೆಟ್ಟದಾಚೆಯ ನೆಂಟರು ತಮ್ಮ ಹೊಳೆಯ ಕಡ್ಡಿ ಕೊಟ್ಟಿದ್ದರಿಂದ ತೊಟ್ಟಿಲು ಮುಗಿಯಿತು. ದೊಡ್ಡಮ್ಮ ಮಗುವನ್ನು ಅದರಲ್ಲಿಟ್ಟು ಲೇಸಿನ ದಾರದಿಂದ ಬಿಗಿದು, ಅದರ ಕಿವಿಯಲ್ಲಿ, “ಇದು ಕೇಳಿ ತಂದದ್ದು ಕಣೇ ಪುಟ್ಟಿ, ಬೇಜಾರು ಮಾಡ್ಕೋಬೇಡ. ನಮ್ಮ ಹೊಳೇದು ನಿನ್ನ ತಮ್ಮನಿಗೆ ಹೆಣಿತೀನಿ” ಎಂದರು. ಅಷ್ಟು ಕಾಲ ಅವರ ಕೈ ನಡೆಯಬೇಕು, ಮಾನ್ಯರೇ. ಹೀಗಾಗಿ ಹೊಳೆ ಶುಚಿಯಾಗಬೇಕಾದ ಗಡುವು ಈಗ ನನ್ನ ಕೈಯಲ್ಲೂ ಇಲ್ಲ, ಜಿಲ್ಲೆಯವರ ಕೈಯಲ್ಲೂ ಇಲ್ಲ. ಅದು ನನ್ನ ಮಗಳು ಅಳಿಯನ ಕೈಯಲ್ಲಿದೆ. ಅವರಿಬ್ಬರೂ ಬಹಳ ಅವಸರದವರೆಂಬುದನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.